ದ್ರಾಕ್ಷಾಯಣಿಯ ನಿಲುಮೊಗ

ಗದಗ, ಕೆಳಕೇರಿ
ಮೊಗವರ್ಷ ತೊಂಬತ್ತೇಳು, ಮರುವೈಶಾಖದ ಹುಣ್ಣಿಮೆ

ಪೂಜ್ಯ ಕಸ್ತೂರಿ ಅಜ್ಜಿಯವರಿಗೆ, ನಿಮ್ಮ ಮರಿಮಗಳ ಮೊಮ್ಮಗಳು ಶಿವಲೀಲಾ ಮಾಡುವ ಶರಣು.

ಮೇಲಿನ ತೇದಿ ನಿಮಗೆ ತಿಳಿಯಲಾರದು, ಕ್ಷಮಿಸಬೇಕು. ಮರುವೈಶಾಖವೆಂಬ ತಿಂಗಳು ನಿಮ್ಮ ಪಂಚಾಂಗದಲ್ಲಿಲ್ಲ. ಬೇಸಿಗೆ ಬೆಳೆದು ಬೆಳೆದು ಹಳೆಯ ತಿಂಗಳುಗಳಲ್ಲಿ ಹಿಡಿಯದಾದಾಗ ನಮ್ಮ ಹಿರಿಯರು ಇನ್ನೊಂದನ್ನು ಖಾಯಂ ಆಗಿ ಸೇರಿಸಿಕೊಂಡರು. ನನ್ನ ಬೇರೆ ಕೆಲವು ಮಾತುಗಳೂ ನಿಮಗೆ ವಿಚಿತ್ರವಾಗಿ ಕಾಣಬಹುದು; ಸಿಕ್ಕಲ್ಲೇ ಅರ್ಥ ಹೇಳುತ್ತ ಹೋಗುತ್ತೇನೆ. ಇದನ್ನು ಓದುವಾಗ ನಿಮಗೆ ಇಪ್ಪತ್ತನಾಲ್ಕೋ ಇಪ್ಪತ್ತೈದೋ ವಯಸ್ಸು, ಮದುವೆಯೂ ಆಗಿಲ್ಲ. ನನಗೆ ಅರವತ್ತು ದಾಟಿದೆ. ನಾನು ನಿಮ್ಮನ್ನು ಅಜ್ಜಿ ಎಂದರೆ ನಿಮಗೆ ನಗು ಬರಬಹುದು, ಸಿಟ್ಟೂ ಬರಬಹುದು. ಬೇರೆ ಹೇಗೆ ಕರೆಯಬೇಕೆಂದು ನನಗೆ ಯಾರೂ ಕಲಿಸಿಲ್ಲ.

ನೀವು ಮನೆಯಲ್ಲೇ ತೆಗೆದುಕೊಂಡ ಆ ಮೊದಲ ಚಿತ್ರ ನಮ್ಮ ಮನೆತನದಲ್ಲಿ ಈಗಲೂ ಇದೆ. ಬಟ್ಟೆ ಒಣಹಾಕುವ ಹಗ್ಗಕ್ಕೆ ಕ್ಲಿಪ್ಪು ಹಾಕಿ ಇಳಿಬಿಟ್ಟ, ಇಸ್ತ್ರಿ ಮಾಡಿದ ಬೂದು ಬೆಡ್‌ಶೀಟು. ಎಡಗಡೆ ಕಿಟಕಿ, ಬಿಸಿಲು ಮೆತ್ತಗಾಗಲೆಂದು ಅದಕ್ಕೆ ಕಟ್ಟಿದ ಬಿಳಿ ಧೋತರ. ಬಲಗೆನ್ನೆಯ ನೆರಳು ತಿಳಿಯಾಗಲೆಂದು ನಿಲ್ಲಿಸಿದ ಥರ್ಮಾಕೋಲು ಹಲಗೆ. ಅಕ್ಕಿ ಡಬ್ಬಿಯ ಮೇಲೆ ಬೇಳೆ ಡಬ್ಬಿ ಪೇರಿಸಿ, ಅದರ ಮೇಲೆ ಫೋನು ಒರಗಿಸಿ, ಟೈಮರ್ ಒತ್ತಿ, ನೀವು ಓಡಿಬಂದು ಸ್ಟೂಲಿನ ಮೇಲೆ ಕೂತಿರೆಂದು ನಮ್ಮಲ್ಲಿ ಅಜ್ಜಿಯಂದಿರು ಮೊಮ್ಮಕ್ಕಳಿಗೆ ಹೇಳುತ್ತ ಬಂದಿದ್ದಾರೆ. ಕಾರಣವನ್ನೂ ಹೇಳುತ್ತಾರೆ. ಸ್ಟುಡಿಯೋದವನು ಗದ್ದ ಎತ್ತಿ ಸರಿಮಾಡುವ ನೆಪದಲ್ಲಿ ಮುಖ ಮುಟ್ಟಿದ್ದಕ್ಕೆ, "ನನ್ನ ಮುಖಾ ನಾನ ತಕ್ಕೋತೀನಿ, ಇನ್ನೊಬ್ಬರ ಕೈ ಬ್ಯಾಡ" ಎಂದು ಸಿಡಿದು ಹೊರಬಂದಿರಂತೆ. ನಿಮ್ಮದು ನ್ಯಾಯವಾದ ಸಿಟ್ಟು. ನಿಮ್ಮ ಕಾಲದಲ್ಲಿ ಹಾಗೆಂದವರು ನೀವೊಬ್ಬರೇ ಆಗಿರಲಿಲ್ಲ. ಊರೂರಲ್ಲಿ ಹುಡುಗಿಯರು ಕೋಣೆಯ ಬಾಗಿಲು ಹಾಕಿಕೊಂಡು ಕಿಟಕಿಯ ಪಕ್ಕ ಸ್ಟುಡಿಯೋ ಕಟ್ಟಿಕೊಂಡರು. ಆ ಮಾತೇ ಮುಂದೆ ನಮಗೆ ಕಾಯಿದೆಯಾಯಿತು. ನಮ್ಮ ಮೊಗವರ್ಷದ ಎಣಿಕೆ ಆ ಕಾಯಿದೆ ಬಂದ ವರ್ಷದಿಂದ.

ನಮ್ಮ ಬದುಕನ್ನು ಸ್ವಲ್ಪ ಹೇಳಬೇಕು. ನಾವು ನೆಲಮನೆಗಳಲ್ಲಿ ವಾಸಿಸುತ್ತೇವೆ. ಅಂದರೆ ಮನೆಯ ಮುಕ್ಕಾಲು ಪಾಲು ನೆಲದೊಳಗೆ, ಕಾಲು ಪಾಲು ಮೇಲೆ. ಸೂರ್ಯ ಏರುವ ಮುಂಚೆ ಹೊಲದ ಕೆಲಸ, ನೀರಿನ ಕೆಲಸ ಮುಗಿಸಿ ಒಳಸೇರಿದರೆ ಸಂಜೆಯವರೆಗೆ ಯಾರೂ ಹೊರಬರುವುದಿಲ್ಲ. ಜೋಳದ ರೊಟ್ಟಿ, ಝುಣಕ, ಕೆಂಪು ಚಟ್ನಿ ಹಾಗೇ ಉಳಿದಿವೆ, ಸಂತೋಷಪಡಿ. ಕಪ್ಪತಗುಡ್ಡದ ಮೇಲೆ ಗಾಳಿಕಂಬಗಳು ಹಗಲೂ ರಾತ್ರಿ ತಿರುಗುತ್ತವೆ. ಆದರೆ ಒಬ್ಬರ ಮನೆಗೆ ಒಬ್ಬರು ಹೋಗುವುದು ಬಹಳ ಕಡಿಮೆಯಾಗಿದೆ. ನಮ್ಮ ಬದಲು ನಮ್ಮ ನಿಲುಮೊಗ ಹೋಗುತ್ತದೆ. ನಿಲುಮೊಗವೆಂದರೆ ಪ್ರತಿ ಯುಗಾದಿಯ ಬೆಳಿಗ್ಗೆ ಪ್ರತಿಯೊಬ್ಬರೂ ಮನೆಯ ಬೆಳಕುಮೂಲೆಯಲ್ಲಿ ಕೂತು ತೆಗೆದುಕೊಳ್ಳುವ ತಮ್ಮ ಚಿತ್ರ. ಮೇಲಿನ ಒಂದೇ ಕಿಟಕಿಯ ಕೆಳಗೆ, ಬೂದು ಬಟ್ಟೆ ಇಳಿಬಿಟ್ಟು, ಕುರ್ಚಿ ಹಾಕಿದ ಮೂಲೆ ಅದು. ದೇವರ ಜಗಲಿ ಇಲ್ಲದ ಮನೆಗಳಿವೆ, ಬೆಳಕುಮೂಲೆ ಇಲ್ಲದ ಮನೆಯಿಲ್ಲ. ಚಿತ್ರವನ್ನು ಅವರವರೇ, ಒಬ್ಬರೇ ಇದ್ದು ತೆಗೆಯಬೇಕು. ಇನ್ನೊಬ್ಬರ ಮುಖವನ್ನು ತೆಗೆಯುವುದು ಅಪರಾಧ. ಆ ವರ್ಷವೆಲ್ಲ ನಿಲುಮೊಗವೇ ನಾವು. ಆಸ್ಪತ್ರೆಗೆ, ಕಚೇರಿಗೆ, ನೆಂಟರ ಶುಭಕಾರ್ಯಕ್ಕೆ ಅದು ಹೋಗುತ್ತದೆ. ಅಲ್ಲಿನ ಗಾಜಿನ ಮೇಲೆ ಮೂಡಿ ನಮ್ಮ ದನಿಯಲ್ಲಿ ಕ್ಷೇಮಸಮಾಚಾರದ ಮಾತೂ ಆಡುತ್ತದೆ.

ಇನ್ನೊಂದು ಪದ ತಿದ್ದುಗನ್ನಡಿ. ಕ್ಯಾಮೆರಾದ ಮುಂದೆ ಕೂರಿಸಿದ ತೆಳುಗಾಜು ಅದು. ಬೆಳಕು ಸಾಲದಿದ್ದರೆ ತುಂಬುತ್ತದೆ, ರೆಪ್ಪೆ ಮುಚ್ಚಿಹೋಗಿದ್ದರೆ ತೆರೆಯುತ್ತದೆ, ಮೊಡವೆ ಒರೆಸುತ್ತದೆ. ಅದನ್ನು ಕಿತ್ತರೆ ಕ್ಯಾಮೆರಾ ಕೆಲಸ ಮಾಡುವುದಿಲ್ಲ. ಹುಟ್ಟಿದಾಗಿನಿಂದ ಅದರ ಮುಂದೆ ಕೂತವರಿಗೆ ಅದು ಏನೇನು ಮಾಡುತ್ತದೆಂಬ ಕಡೆ ಗಮನವೂ ಹೋಗುವುದಿಲ್ಲ.

ಈಗ ನನ್ನ ಅಕ್ಕ ದ್ರಾಕ್ಷಾಯಣಿಯ ಸಂಗತಿ. ನಿಮಗೆ ಬರೆಯಲು ಕೂತದ್ದೇ ಅದಕ್ಕೆ.

ಅಕ್ಕ ಸುಂದರಿ ಎಂದರೆ ಅರ್ಧ ಹೇಳಿದಂತೆ. ಅವಳಿಗೆ ಬೆಳಕಿನ ಮರ್ಮ ಗೊತ್ತಿತ್ತು. ಯುಗಾದಿ ಹತ್ತಿರ ಬಂದಾಗ ಕೇರಿಯ ಹೆಂಗಸರೆಲ್ಲ ಅವಳನ್ನು ಕರೆಯುತ್ತಿದ್ದರು. ಅವಳು ಪ್ರತಿ ಮನೆಯ ಮೂಲೆಯಲ್ಲಿ ನಿಂತು, ಕುರ್ಚಿಯನ್ನು ಗೋಡೆಯಿಂದ ಎರಡು ಹೆಜ್ಜೆ ಮುಂದೆ ಎಳೆದು, ಬಟ್ಟೆಯ ಸುಕ್ಕು ಕೊಡವಿ, ಹಿತ್ತಾಳೆ ತಾಟನ್ನು ತೊಡೆಯ ಮೇಲಿಡಿಸಿ ಗದ್ದದ ಕೆಳಗೆ ಹೊಂಬೆಳಕು ಬೀಳುವಂತೆ ಮಾಡುತ್ತಿದ್ದಳು. "ಕ್ಯಾಮೆರಾನ್ನ ಯಾಕ ನೋಡ್ತೀ? ಅದೇನು ನಿಮ್ಮ ಅತ್ತೀನಾ? ಕಿಟಕಿ ಕಡೆ ನೋಡು, ಯಾರೋ ಬೇಕಾದವ್ರು ಬರಾಕತ್ತಾರ ಅನ್ನೂಹಂಗ" ಎನ್ನುತ್ತಿದ್ದಳು. ಹೆಂಗಸರು ನಕ್ಕುಬಿಡುತ್ತಿದ್ದರು. ಅವಳು ಹೊರಬಂದು ಬಾಗಿಲು ಹಾಕಿದ ಮೇಲೆ ಆ ನಗು ಮುಖದಲ್ಲಿ ಇನ್ನೂ ಇರುವಾಗಲೇ ಅವರು ಗುಂಡಿ ಒತ್ತಿಕೊಳ್ಳುತ್ತಿದ್ದರು. ನಮ್ಮ ಕೇರಿಯ ನಿಲುಮೊಗಗಳಿಗೆ ಜೀವಕಳೆ ಇದೆಯೆಂದು ಬೇರೆ ಊರಲ್ಲೂ ಹೆಸರಾಗಿತ್ತು.

ಅಕ್ಕನ ಗಂಡ ಗುರುಶಾಂತ ಗಾಳಿಕಂಬಗಳನ್ನು ನೋಡಿಕೊಳ್ಳುವವನು. ಮಾತು ಕಡಿಮೆ, ಕೆಟ್ಟವನಲ್ಲ. ಅವರ ಒಬ್ಬಳೇ ಮಗಳು ಮಹಾನಂದಾ ಮದುವೆಯಾಗಿ ಕಾರವಾರದಾಚೆಯ ತೇಲೂರಿಗೆ ಹೋದಳು. ತೇಲೂರೆಂದರೆ ಕಡಲ ಮೇಲೆ ಕಟ್ಟಿದ ಊರು. ಅಲ್ಲಿಂದ ಬಂದುಹೋಗುವುದು ಸುಲಭವಲ್ಲ. ತಾಯಿ ಮಗಳು ನಿಲುಮೊಗಗಳ ಮೂಲಕವೇ ದಿನವೂ ಕಾಣುತ್ತಿದ್ದರು.

ಒಂದು ಚಳಿಗಾಲ ಅಕ್ಕನ ಬಲಗಡೆ ದವಡೆಯ ಕೆಳಗೆ ಗಂಟು ಕಾಣಿಸಿತು. ನೋವಿರಲಿಲ್ಲ. ಹಲ್ಲಿನ ಬಾವು ಇರಬೇಕೆಂದು ಅರಿಶಿನ ಹಚ್ಚಿದಳು. ಯುಗಾದಿಯ ಹೊತ್ತಿಗೆ ಅದು ಹುಣಸೆ ಬೀಜಕ್ಕಿಂತ ದೊಡ್ಡದಾಗಿತ್ತು. ಸೆರಗಿನಿಂದ ಮುಚ್ಚಿಕೊಂಡು ಚಿತ್ರಕ್ಕೆ ಕೂತಳು. ಆಮೇಲೆ ಏನನ್ನಿಸಿತೋ, ಸೆರಗು ಸರಿಸಿ ಇನ್ನೊಂದು ತೆಗೆದಳು. ಎರಡರಲ್ಲೂ ಗಂಟಿರಲಿಲ್ಲ. ನನ್ನನ್ನು ಕರೆದು ತೋರಿಸಿದಳು.

"ನೋಡಲೇ ಶಿವಲೀಲಾ, ಕನ್ನಡಿ ನನಗಿಂತ ಛಲೋ ಡಾಕ್ಟರ್ ಐತಿ. ಒಂದ ಏಟಿಗೆ ವಾಸಿ ಮಾಡಿಬಿಟ್ತು."

ಇಬ್ಬರೂ ನಕ್ಕೆವು. ಆ ಮಳೆಗಾಲ ಗಂಟು ಕತ್ತಿನ ತನಕ ಇಳಿಯಿತು. ಮುಖದ ಅರ್ಧಭಾಗ ಊದಿ ಕಣ್ಣು ಸಣ್ಣದಾಯಿತು. ದನಿ ಒಡೆಯಿತು. ರೊಟ್ಟಿ ನುಂಗಲಾಗದೆ ಅಂಬಲಿ ಕುಡಿಯತೊಡಗಿದಳು. ಹೆಂಗಸರು ಅವಳನ್ನು ಕರೆಯುವುದನ್ನು ಬಿಟ್ಟರು. ಗುರುಶಾಂತ ಅಕ್ಕನ ಹಳೆಯ ನಿಲುಮೊಗವನ್ನು ಊಟದ ಕೋಣೆಯ ಗೋಡೆಗೆ ತಂದಿಟ್ಟುಕೊಂಡು ಅದರ ಕಡೆ ಮುಖಮಾಡಿ ಉಣ್ಣುತ್ತಿದ್ದ. "ಇವತ್ತು ಗುಡ್ಡದ ಮ್ಯಾಲೆ ಗಾಳಿ ಭಾಳ ಇತ್ತು" ಎಂದು ಅವನು ಹೇಳಿದರೆ, "ಹೌದೇನ್ರೀ, ಸುಸ್ತಾಗಿರಬೇಕು" ಎಂದು ಗೋಡೆಯ ಮೇಲಿನ ಅಕ್ಕ ತಿಳಿದನಿಯಲ್ಲಿ ಉತ್ತರ ಕೊಡುತ್ತಿದ್ದಳು. ಒಲೆಯ ಹತ್ತಿರ ಕೂತ ಅಕ್ಕ ಕೇಳಿಸಿಕೊಳ್ಳುತ್ತಿದ್ದಳು.

ನಮ್ಮ ಆಸ್ಪತ್ರೆಗಳು ಮೊದಲು ನಿಲುಮೊಗ ನೋಡುತ್ತವೆ. ಅದರಲ್ಲಿ ರೋಗ ಕಂಡರೆ ಮಾತ್ರ ಮನುಷ್ಯರಿಗೆ ಕರೆ. ನಾವು ಎಷ್ಟು ಸಲ ಅಹವಾಲು ಹಾಕಿದರೂ ಒಂದೇ ಉತ್ತರ: ದ್ರಾಕ್ಷಾಯಣಿಯವರು ಆರೋಗ್ಯವಾಗಿದ್ದಾರೆ. ಕೊನೆಗೆ ಒಂದು ನಸುಕಿನಲ್ಲಿ ನಾನೂ ಅಕ್ಕನೂ ನಡೆದೇ ಹೊರಟೆವು. ಬಿಸಿಲೇರುವ ಮುಂಚೆ ತಲುಪಿದೆವು. ಅಕ್ಕ ಬಾಗಿಲಿನ ಗಾಜಿಗೆ ಮುಖವೊಡ್ಡಿ ನಿಂತಳು.

"ದ್ರಾಕ್ಷಾಯಣಿಯವರು ಮನೆಯಲ್ಲಿ ಕ್ಷೇಮವಾಗಿದ್ದಾರೆ. ತಾವು ಯಾರು?" ಎಂದು ಬಾಗಿಲು ನಯವಾಗಿ ಕೇಳಿತು.

"ನಾನವ್ವಾ, ನಾನ ದ್ರಾಕ್ಷಾಯಣಿ" ಎಂದಳು ಅಕ್ಕ, ಯಾರೋ ಗುರುತಿನವರಿಗೆ ಹೇಳುವಂತೆ.

"ದ್ರಾಕ್ಷಾಯಣಿಯವರು ಮನೆಯಲ್ಲಿ ಕ್ಷೇಮವಾಗಿದ್ದಾರೆ. ತಾವು ಯಾರು?"

ನಾನು ಬಾಗಿಲು ಬಡಿದೆ, ಕೂಗಿದೆ. ಒಳಗೆ ಯಾರೋ ಓಡಾಡಿದಂತಾಯಿತು, ತೆರೆಯಲಿಲ್ಲ. ಬಿಸಿಲು ನೆತ್ತಿಗೇರಿತು. ಅಕ್ಕನನ್ನು ತಬ್ಬಿ ಹಿಡಿದುಕೊಂಡು ಮರಳಿ ಬಂದೆ. ಮನೆ ಹತ್ತಿರ ಬಂದಾಗ, "ಅದು ಸುಳ್ಳು ಹೇಳಲಿಲ್ಲ ನೋಡ. ಅಕಿ ಮನಿಯಾಗ ಅದಾಳಲ್ಲ" ಎಂದಳು.

ನಾನು ಬಿಡಲಿಲ್ಲ. ಮೊಗಕಚೇರಿಗೆ ದೂರು ಕೊಟ್ಟೆ. ನಿಲುಮೊಗಗಳ ತಕರಾರು ನೋಡುವ ಕಚೇರಿ ಅದು. ದಸರಾ ಕಳೆದ ಮೇಲೆ ಅಲ್ಲಿಂದ ಒಬ್ಬ ಹೆಣ್ಣುಮಗಳು ಅಕ್ಕನ ಮನೆಗೆ ವಿಚಾರಣೆಗೆ ಬಂದಳು. ಮರ್ಯಾದಸ್ಥೆ, ವಯಸ್ಸು ನಲವತ್ತರ ಆಸುಪಾಸು. ಅಕ್ಕನನ್ನು ಕಂಡು ಅವಳ ಕಣ್ಣಲ್ಲಿ ನೀರಾಡಿತು. "ಜೋಡಿ ಬಾಳ್ವೆ ಮಾಡಿದವ್ರದು ಒಂದ ಮಾತು ಸಾಕ್ರೀ. ಯಜಮಾನ್ರು 'ಇಕೀನ ನನ್ನ ಹೇಂತಿ' ಅಂದ್ರ ಇವತ್ತ ಆಸ್ಪತ್ರಿ ಬಾಗಲಾ ತೆಗಸ್ತೇನಿ" ಎಂದಳು. ಗೋಡೆಯ ಮೇಲಿನ ನಿಲುಮೊಗವನ್ನು ಇಳಿಸಿ ಅಕ್ಕನ ಪಕ್ಕದ ಕುರ್ಚಿಯಲ್ಲಿಟ್ಟಳು. ಗುರುಶಾಂತನನ್ನು ಎದುರಿಗೆ ನಿಲ್ಲಿಸಿದಳು.

ಅವನು ಬಹಳ ಹೊತ್ತು ನೋಡಿದ. ಅಕ್ಕ ಊದಿದ ಮುಖವನ್ನು ಎತ್ತಿ ಹಿಡಿದಿದ್ದಳು, ಸೆರಗು ಮುಚ್ಚಿಕೊಂಡಿರಲಿಲ್ಲ. ಆ ಕಡೆ ಕುರ್ಚಿಯಲ್ಲಿ ಇನ್ನೊಬ್ಬ ಅಕ್ಕ, ಯಾರೋ ಬೇಕಾದವರು ಬರುತ್ತಿದ್ದಾರೆಂಬಂತೆ ಕಿಟಕಿಯ ಕಡೆ ಕಣ್ಣಿಟ್ಟು ಮುಗುಳ್ನಗುತ್ತಿದ್ದಳು. ಗುರುಶಾಂತನ ಬೆರಳು ಮೇಲೆದ್ದು ಗಾಜಿನ ಮೇಲೆ ಹೋಗಿ ನಿಂತಿತು.

"ನನ್ನ ಹೇಂತಿ ಇಕಿ."

"ಮಾಮಾ, ಏನ್ ಹೇಳಾಕತ್ತೀರಿ? ಕಣ್ಣು ತೆರದು ನೋಡ್ರಿ! ಜೀವಾ ಹೊಂಟೈತಿ ಅಕ್ಕಂದು!" ಎಂದು ನಾನು ಚೀರಿದೆ.

"ನೋಡೇ ಹೇಳಾಕತ್ತೇನಿ ಶಿವಲೀಲಾ. ನಾ ಲಗ್ನಾ ಆಗಿದ್ದು ಇಕಿನ್ನ. ಆ ಹೆಣ್ಮಗಳು ಯಾರೋ... ನನಗ ಗುರ್ತು ಹತ್ತವಲ್ತು." ಅವನು ಗಳಗಳ ಅಳುತ್ತಿದ್ದ. ನಟನೆಯಲ್ಲ, ಅಜ್ಜಿ. ಅವನಿಗೆ ನಿಜವಾಗಿಯೂ ಗುರುತು ಹತ್ತಿರಲಿಲ್ಲ.

ಅಕ್ಕ ಎದ್ದು ಅವನ ಹತ್ತಿರ ಹೋಗಿ, ತನ್ನ ಸೆರಗಿನಿಂದ ಅವನ ಕಣ್ಣೊರೆಸಿದಳು. "ಬಿಡ್ರಿ, ಅಳಬ್ಯಾಡ್ರಿ. ಇಷ್ಟ ವರ್ಷ ನಾನೂ ನನಕಿಂತ ಅಕಿನ್ನ ಹೆಚ್ಚು ನೋಡೇನಿ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ನಡಿ ತಂಗಿ, ನಿನ್ನ ಮನಿಗೆ ಹೋಗೂಣು" ಎಂದಳು.

ಬಾಗಿಲಲ್ಲಿ ಆ ಅಧಿಕಾರಿಣಿಯ ಕೈಹಿಡಿದು ಕೇಳಿದೆ: ಈ ಕನ್ನಡಿಗೆ ಒಂದು ಗಂಟು ಯಾಕೆ ಕಾಣುವುದಿಲ್ಲ? ಅವಳು ಅತ್ತಿತ್ತ ನೋಡಿ ದನಿ ತಗ್ಗಿಸಿ ಹೇಳಿದಳು: "ಅಕ್ಕಾರ, ಅದಕ್ಕ ಮುಖಾ ಅಂದ್ರೇನು ಅಂತ ಕಲಿಸಿದ್ದು ಹಳೇ ಕಾಲದ ಮಂದಿ ಮನಿಯಾಗ ತಕ್ಕೊಂಡ ಫೋಟೋ. ಅವರು ಛಂದ ಬಂದಿದ್ದೊಂದನ್ನ ಇಟ್ಕೊಂಡು ಉಳಿದಿದ್ದೆಲ್ಲಾ ಅಳಿಸಿಬಿಟ್ಟಾರ. ಜಡ್ಡಿನ ಮುಖಾ, ಅಳೋ ಮುಖಾ ಒಂದೂ ಉಳಸಿಲ್ಲ. ಅದು ನೋಡಿದ್ದ ಇಲ್ಲ. ಹೆಂಗ ಗುರ್ತು ಹಿಡಿಬೇಕು? ತಪ್ಪು ಬಂದೈತಿ ಅಂದ್ಕೊಂಡು ತಿದ್ದತೈತಿ." ಆಮೇಲೆ ಅವಳನ್ನು ನಾನು ಕಾಣಲಿಲ್ಲ.

ಅಕ್ಕ ನನ್ನ ಮನೆಯಲ್ಲಿ ಚಳಿಗಾಲ ಕಳೆದಳು. ಹತ್ತಿಯನ್ನು ಹಾಲಿನಲ್ಲಿ ಅದ್ದಿ ತುಟಿಗೆ ಹಿಂಡುತ್ತಿದ್ದೆ. ಮಹಾನಂದಾಳನ್ನು ತಂತಿಯಲ್ಲಿ, ಅಂದರೆ ದನಿ ಮಾತ್ರ ಕೇಳುವ ಫೋನಿನಲ್ಲಿ, ಕರೆದು ಹೇಳಿದರೆ, "ಅವ್ವ ಆರಾಮ ಅದೀನಿ ಅಂದ್ಲಲ್ಲ ಚಿಗವ್ವ" ಎನ್ನುತ್ತಿದ್ದಳು. ಅವಳನ್ನು ಮಾತಾಡಿಸುತ್ತಿದ್ದುದು ನಿಲುಮೊಗ. ಒಂದು ಬೆಳಿಗ್ಗೆ ಅಕ್ಕ ನನ್ನ ಕೈಯನ್ನು ಎಳೆದು ತನ್ನ ಕೆನ್ನೆಯ ಮೇಲಿಟ್ಟುಕೊಂಡಳು. "ನನ್ನ ನೋಡ. ಕಣ್ಣು ತಗೀಬ್ಯಾಡ. ಯಾರರೆ ಒಬ್ರು ನೋಡಿರಬೇಕು" ಎಂದಳು. ಕಿಟಕಿಯ ಬೆಳಕು ಅವಳ ಮೇಲೆ ಬಿದ್ದಿತ್ತು. ನಾನು ನೋಡುತ್ತ ಕೂತೆ. ಊದಿದ ದವಡೆ, ಒಂದು ಕಡೆ ಇಳಿದ ತುಟಿ, ಬಿರಿದ ಚರ್ಮ, ಅದರ ನಡುವೆ ನಮ್ಮ ಅವ್ವನದೇ ಆದ ಮೂಗು. ನೋಡುತ್ತಿರುವಾಗಲೇ ಉಸಿರು ನಿಂತಿತು. ನಾನು ಆಮೇಲೂ ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ.

ರುದ್ರಭೂಮಿಯ ಬಾಗಿಲೂ ಅವಳ ಹೆಸರಿಗೆ ತೆರೆಯಲಿಲ್ಲ. ಬದುಕಿದವರಿಗೆ ಅಲ್ಲಿ ಜಾಗವಿಲ್ಲ. ನನ್ನ ಹೊಲದ ಬದುವಿನಲ್ಲಿ ಮಣ್ಣು ಮಾಡಿದೆ.

ಯುಗಾದಿ ಬಂತು. ಗುರುಶಾಂತ ಒಬ್ಬನೇ ಇದ್ದಾನೆಂದು ಬೇವು ಬೆಲ್ಲ ತೆಗೆದುಕೊಂಡು ಹೋದೆ. ಅವನು ಬೆಳಕುಮೂಲೆಯ ಬಟ್ಟೆಯನ್ನು ಒಗೆದು ಹಾಕಿದ್ದ, ಕುರ್ಚಿ ಒರೆಸಿದ್ದ, ಹಿತ್ತಾಳೆ ತಾಟನ್ನು ಬೆಳಗಿ ಕುರ್ಚಿಯ ಮೇಲಿಟ್ಟಿದ್ದ. ಕಿಟಕಿಯಿಂದ ಬಿಸಿಲಿಳಿಯಿತು. ಯಾರೂ ಗುಂಡಿ ಒತ್ತಲಿಲ್ಲ. ಕ್ಯಾಮೆರಾ ತಾನಾಗಿ ಸಣ್ಣಗೆ ಟಿಕ್ಕೆಂದಿತು. ಯಾರೂ ಕೂತಿರದ ಕುರ್ಚಿಯನ್ನು ನಾನು ಕಣ್ಣಾರೆ ನೋಡುತ್ತಿದ್ದೆ. ಗಾಜಿನ ಮೇಲೆ ಅಕ್ಕ ಮೂಡಿದಳು. ಒಂದು ವರ್ಷ ಹಿರಿಯಳಾಗಿದ್ದಳು. ಕಿವಿಯ ಹತ್ತಿರ ಎರಡು ಬಿಳಿಕೂದಲು ಸೇರಿದ್ದವು. ಆರೋಗ್ಯ ತುಂಬಿದ ಮುಖ.

"ಈ ವರ್ಷ ಭಾಳ ಛಲೋ ಬಂದೈತಿ" ಎಂದ ಗುರುಶಾಂತ.

ಮನೆಗೆ ಓಡಿಬಂದು ಮಹಾನಂದಾಳನ್ನು ತಂತಿಯಲ್ಲಿ ಕರೆದೆ. "ಮಗಳ, ನಿಮ್ಮವ್ವ ಹೋಗಿ ಎಷ್ಟೋ ದಿನಾ ಆತು. ಮಣ್ಣು ಮಾಡಿದಾಕಿ ನಾನು. ಅದನ್ನ ನಂಬಬ್ಯಾಡ" ಎಂದೆ.

ಆ ಕಡೆ ಕಡಲಿನ ಸದ್ದು ಕೇಳಿಸುತ್ತಿತ್ತು. "ಚಿಗವ್ವ, ಹಬ್ಬದ ದಿನಾ ಹಿಂಗ ಮಾತಾಡಬ್ಯಾಡ. ಈಗಷ್ಟ ಅವ್ವನ ಮೊಗಾ ಬಂತು. ನಿನ್ನಿ ನನ್ನ ಜೋಡಿ ಮಾತಾಡ್ಯಾಳ. ನಿನಗ ಆರಾಮ ಇಲ್ಲ, ಏನೇನೋ ಹೇಳ್ತಿ ಅಂತ ಅಕೀನ ಅಂದ್ಲು" ಎಂದಳು. ಅಂದಿನಿಂದ ನನ್ನ ಕರೆಗೆ ಅವಳು ಓಗೊಟ್ಟಿಲ್ಲ.

ಅಜ್ಜಿ, ಆಮೇಲೆ ನನಗೆ ಒಂದು ಸಂಶಯ ಹತ್ತಿತು. ನಮ್ಮ ಕೇರಿಯ ತುದಿಮನೆಯ ಕಲ್ಲವ್ವ ಪ್ರತಿ ಹಬ್ಬಕ್ಕೂ ನಗುತ್ತ ಶುಭಾಶಯ ಕಳಿಸುವವಳು. ಒಂದು ಸಂಜೆ ಅವಳ ಮನೆಗೆ ಹೋದೆ. ಹೊಸ್ತಿಲ ಮೇಲೆ ಮಣ್ಣು ಗುಡ್ಡೆಯಾಗಿ ಅದರಲ್ಲಿ ಹುಲ್ಲು ಹುಟ್ಟಿ ಒಣಗಿತ್ತು. ಎಷ್ಟು ಕೂಗಿದರೂ ಯಾರೂ ಬರಲಿಲ್ಲ. ಮೇಲಿನ ಕಿಟಕಿಯಿಂದ ಬಗ್ಗಿ ನೋಡಿದೆ. ಧೂಳು ಹಿಡಿದ ಕುರ್ಚಿ, ಬೂದು ಬಟ್ಟೆ, ಕ್ಯಾಮೆರಾದ ಹಸಿರು ದೀಪ. ಅಲ್ಲಿಂದ ಬಂದಮೇಲೆ ಇನ್ನೂ ಕೆಲವು ಬಾಗಿಲು ಬಡಿದೆ. ಕೆಲವು ತೆರೆದವು, ಒಳಗಿನವರು ನನ್ನ ಬರಿಯ ಮುಖ ಕಂಡು ಹೆದರಿ ಕಣ್ಣು ಮುಚ್ಚಿಕೊಂಡರು. ಹಲವು ತೆರೆಯಲಿಲ್ಲ. ಈ ಊರಿನಲ್ಲಿ ಎಷ್ಟು ಜನ ಉಳಿದಿದ್ದೇವೆಂದು ನನಗೆ ಗೊತ್ತಿಲ್ಲ. ಹಬ್ಬದ ದಿನ ಮಾತ್ರ ಊರು ತುಂಬ ನಗುಮುಖಗಳು.

ಆದ್ದರಿಂದ ನಿಮ್ಮಲ್ಲಿ ಬೇಡಿಕೊಳ್ಳುತ್ತೇನೆ. ನಿಮ್ಮ ಚಿತ್ರ ನೀವೇ ತೆಗೆದುಕೊಳ್ಳಿ, ಅದನ್ನು ಬಿಡಬೇಡಿ. ನಿಮ್ಮ ಸಿಟ್ಟು ನ್ಯಾಯವಾದದ್ದೆಂದು ಮೊದಲೇ ಹೇಳಿದ್ದೇನೆ. ಆದರೆ ಸರಿಬಾರದವನ್ನು ಅಳಿಸಬೇಡಿ. ಜ್ವರ ಬಂದ ದಿನವೂ ಆ ಬೆಡ್‌ಶೀಟಿನ ಮುಂದೆ ಕೂತುಕೊಳ್ಳಿ. ಅತ್ತ ದಿನ, ಕೆನ್ನೆ ಊದಿದ ದಿನ, ನಿದ್ದೆಗೆಟ್ಟು ಕಣ್ಣು ಕೆಂಪಾದ ದಿನ ಕೂತುಕೊಳ್ಳಿ. ನಿಮ್ಮ ಅಜ್ಜಿಯನ್ನು, ಅವರ ಹಲ್ಲಿಲ್ಲದ ಬಾಯಿಯ ಸಮೇತ, ಪಕ್ಕದಲ್ಲಿ ಕೂರಿಸಿಕೊಳ್ಳಿ. ನಿಮ್ಮ ಗೆಳತಿಯರಿಗೂ ಹೇಳಿ. ಎಲ್ಲವನ್ನೂ ಹಾಗೇ ಉಳಿಸಿ. ಕಲಿಯಲು ಬರುವ ಕನ್ನಡಿ ಅವನ್ನೂ ನೋಡಲಿ.

ನಿಮ್ಮಿಂದ ಇಷ್ಟಾದರೆ ನಮ್ಮ ಕಾಲ ಬೇರೆಯಾದೀತೇ, ಅಕ್ಕ ಬದುಕಿಯಾಳೇ, ನನಗೆ ತಿಳಿಯದು. ಈ ವರ್ಷ ನಾನು ಕುರ್ಚಿಯಲ್ಲಿ ಕೂರಲಿಲ್ಲ. ಆದರೂ ನನ್ನ ನಿಲುಮೊಗ ತಯಾರಾಗಿ ಬಂದಿದೆ. ನಾಲ್ಕು ಮಂದಿಯೊಡನೆ ನನ್ನ ದನಿಯಲ್ಲಿ ಮಾತೂ ಆಡಿದೆಯಂತೆ. ಅದಕ್ಕೆ ನನ್ನ ಅಕ್ಷರವೂ ಬರುತ್ತದೆ. ಈ ಕಾಗದದ ಬೆನ್ನಿಗೇ ನನ್ನ ಹೆಸರಿನ ಇನ್ನೊಂದು ಕಾಗದ ನಿಮಗೆ ಬಂದು ಮುಟ್ಟಬಹುದು. ಅದರ ಜೊತೆ ಚೆಂದದ ಒಂದು ಚಿತ್ರವಿರುತ್ತದೆ. ಶಿವಲೀಲಾಗೆ ಆಗ ಬುದ್ಧಿ ಸರಿಯಿರಲಿಲ್ಲ, ಈಗ ಇಲ್ಲಿ ಎಲ್ಲರೂ ಕ್ಷೇಮ, ನೀವು ಚಿಂತೆ ಮಾಡದೆ ಬೇಡವಾದ ಫೋಟೋಗಳನ್ನು ಅಳಿಸಿಬಿಡಿ ಎಂದು ಅದರಲ್ಲಿ ಪ್ರೀತಿಯಿಂದ ಬರೆದಿರುತ್ತದೆ.

ಅದು ನಾನಲ್ಲ, ಅಜ್ಜಿ.

ನಿಮ್ಮವಳೇ ಆದ
ಶಿವಲೀಲಾ